ಇಟ್ಟಿಗೆ ಇಲ್ಲದ ಹದಿನೈದು ಅಡಿ

ಕೊಡಿಗೇಹಳ್ಳಿಯ ಆನಂದಪ್ಪ ಖಾದರ್ ಬಾಷಾನಿಗೆ ಅರ್ಧ ದಿನದ ಕೂಲಿ ಕೊಡಬೇಕು. ಅರವತ್ತು ರೂಪಾಯಿ. ಇಪ್ಪತ್ಮೂರು ವರ್ಷವಾಯಿತು, ಇನ್ನೂ ಕೊಟ್ಟಿಲ್ಲ. ಕೊಡಬೇಕೆಂಬುದು ಆನಂದಪ್ಪನಿಗೆ ನೆನಪೂ ಇರಲಿಲ್ಲ. ಬಾಷಾನಿಗೆ ಇತ್ತು. ಆ ಅರವತ್ತರ ಜೊತೆಗೆ ಇನ್ನೊಂದು ಸಂಗತಿಯೂ ನೆನಪಿತ್ತು; ಅದನ್ನು ಅವನು ಹೆಂಡತಿ ಜಹೀರಾಳಿಗೂ ಹೇಳಿರಲಿಲ್ಲ.

ಬಾಷಾ ಹುಟ್ಟಿದ್ದು, ಬೆಳೆದದ್ದು, ನಿಕಾಹ್ ಆದದ್ದು ಎಲ್ಲಾ ಕೊಡಿಗೇಹಳ್ಳಿಯಲ್ಲೇ. ಹದಿನಾರಕ್ಕೆ ಪಿಕಾಸಿ ಹಿಡಿದವನು ಐವತ್ತು ದಾಟಿದರೂ ಕೆಳಗಿಟ್ಟಿಲ್ಲ. ಟೆಲಿಫೋನಿಗೆ ಅಗೆದ, ಒಳಚರಂಡಿಗೆ ಅಗೆದ, ಕಾವೇರಿ ನೀರಿಗೆ ಅಗೆದ, ಇಂಟರ್ನೆಟ್ಟಿಗೆ ಅಗೆದ. ಒಂದೇ ಬೀದಿಯನ್ನು ನಾಲ್ಕು ಸಲ ಬಗೆದು ನಾಲ್ಕು ಸಲ ಮುಚ್ಚಿದ. ಊರಿನವರು ಊರಿನ ಮುಖ ನೋಡಿದ್ದರೆ ಅವನು ಹೊಟ್ಟೆ ನೋಡಿದ್ದ. ಈಗ ಗ್ಯಾಸ್ ಪೈಪಿನ ಕಾಲ. ಒಬ್ಬ ಕಂಟ್ರ್ಯಾಕ್ಟರನ ಕೈಕೆಳಗೆ ಮೇಸ್ತ್ರಿಯಾಗಿದ್ದ. ಮೇಸ್ತ್ರಿ ಎಂದರೆ ದೊಡ್ಡದೇನಲ್ಲ. ಕೂಲಿ ನೂರು ರೂಪಾಯಿ ಜಾಸ್ತಿ, ಬೈಗುಳ ಅದಕ್ಕಿಂತ ಜಾಸ್ತಿ.

ಅವನ ಕೈಕೆಳಗೆ ಇದ್ದವರು ಇಬ್ಬರು, ಸುರಪುರದ ಕಡೆಯಿಂದ ಬಂದ ನಾಗಲಿಂಗಪ್ಪ ಮತ್ತು ಅವನ ಹೆಂಡತಿ ಚನ್ನಕ್ಕ. ನಾಗಲಿಂಗಪ್ಪ ಮೆಷಿನ್ನಿನಲ್ಲಿ ಕಾಂಕ್ರೀಟು ಒಡೆಯುತ್ತಿದ್ದ. ಗುಂಡಿಗೆ ಇಳಿಯುವವಳು ಚನ್ನಕ್ಕ. ಹಾರೆ ಹಿಡಿದರೆ ಅವಳ ಸಮಕ್ಕೆ ಗಂಡಸರು ನಿಲ್ಲುತ್ತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಶಿವರಾಮ್ ಮೊಬೈಲ್ ನೋಡಿಕೊಂಡು ಗಾಡಿ ನಿಲ್ಲಿಸಿದ್ದು ಆನಂದಪ್ಪನ ಗೇಟಿನ ಮುಂದೆ. ಬಾಷಾ ಎಲ್ಲರಿಗಿಂತ ಕೊನೆಗೆ ಇಳಿದ.

ಆ ಗೇಟಿನ ಒಳಗೆ ಅವನು ಒಮ್ಮೆ ಅಗೆದಿದ್ದ. ಗೇಟಿನ ಮೂಲೆಯಲ್ಲಿ ಬೋರ್‌ವೆಲ್, ಮನೆಯ ಮೆಟ್ಟಿಲ ಪಕ್ಕ ಅದರ ಸ್ಟಾರ್ಟರ್. ನಡುವೆ ಕಾರು ಬರುವ ಮೂವತ್ತು ಅಡಿ ದಾರಿ, ಅದರ ಕೆಳಗೆ ಬೋರಿನ ಕರೆಂಟು ವೈರು. ಹೂತವನು ಬಾಷಾನೇ. ವೈರು ಹೂಳುವವರಲ್ಲಿ ಒಂದು ರೂಢಿಯಿದೆ: ವೈರಿನ ಮೇಲೆ ಗೇಣು ಮರಳು, ಮರಳಿನ ಮೇಲೆ ಅಡ್ಡಡ್ಡ ಇಟ್ಟಿಗೆ. ಮುಂದೆ ಯಾವನೋ ಅಗೆಯಲು ಬಂದಾಗ ಅವನ ಹಾರೆಗೆ ಮೊದಲು ಇಟ್ಟಿಗೆ ತಾಕಬೇಕು, ತಾಕಿದರೆ ಕೈ ನಿಲ್ಲಬೇಕು. ಓದು ಬರಹ ಬೇಡದ ಬೋರ್ಡು ಅದು.

ಆಗ ಆನಂದಪ್ಪ ಎಂಬತ್ತು ಇಟ್ಟಿಗೆ ಎಣಿಸಿ ಕೊಟ್ಟಿದ್ದ. ಒಂದು ದಿನದ ಕೆಲಸ ಎಂದು ಮಾತಾಗಿತ್ತು. ಗೇಟಿನ ಕಡೆ ಬಂಡೆ ಸಿಕ್ಕಿ ಮರುದಿನ ಮಧ್ಯಾಹ್ನದವರೆಗೆ ಎಳೆಯಿತು. ಬಂಡೆ ನಿನ್ನ ಕರ್ಮ, ನನ್ನದಲ್ಲ ಎಂದು ಆನಂದಪ್ಪ ಅರ್ಧ ದಿನದ ದುಡ್ಡು ಹಿಡಿದ. ಬಾಷಾ ಜಗಳವಾಡಲಿಲ್ಲ. ಮೆಟ್ಟಿಲ ಕಡೆಯ ಹದಿನೈದು ಅಡಿಗೆ ಆಗಲೇ ಇಟ್ಟಿಗೆ ಇಟ್ಟಾಗಿತ್ತು. ಉಳಿದ ನಲವತ್ತನ್ನು ಗೋಣಿಚೀಲದಲ್ಲಿ ಸೈಕಲ್ಲಿಗೆ ಕಟ್ಟಿ ಎರಡು ಟ್ರಿಪ್ಪಿನಲ್ಲಿ ಮನೆಗೆ ಸಾಗಿಸಿದ, ಬಚ್ಚಲು ಕಟ್ಟಿಸಿದ. ಗೇಟಿನ ಕಡೆಯ ಹದಿನೈದು ಅಡಿಗೆ ಬರೀ ಮಣ್ಣು ಎಳೆದ. ಮೇಲೆ ಕಾಂಕ್ರೀಟು ಬಿತ್ತು, ಹೋದ ವರ್ಷ ಟೈಲ್ಸೂ ಬಿತ್ತು. ನೋಡುವವರಾರು?

ಈಗ ಗ್ಯಾಸ್ ಪೈಪು ಬೀದಿಯಿಂದ ಗೇಟಿನೊಳಗೆ ಬಂದು, ಅದೇ ದಾರಿಯ ಕೆಳಗೆ ಹಾದು, ಅಡುಗೆಮನೆ ಗೋಡೆಗೆ ಹತ್ತಬೇಕು. ಅಗೆತ ಶುರುವಾಗುವುದು ಗೇಟಿನಿಂದ. ಇಟ್ಟಿಗೆ ಇಲ್ಲದ ಕಡೆಯಿಂದ.

ಒಳಗೆ ಏನಾದರೂ ಲೈನ್ ಇದೆಯೇ ಎಂದು ಶಿವರಾಮ್ ವಾಡಿಕೆಯಂತೆ ಕೇಳಿದ. ಕುರ್ಚಿ ಹಾಕಿ ಕೂತಿದ್ದ ಆನಂದಪ್ಪ ಕೈ ಬೀಸಿದ.

"ಬೋರ್ ವೈರ್ ಒಂದೈತೆ. ಮ್ಯಾಲೆ ಇಟ್ಟಿಗೆ ಜೋಡ್ಸವ್ರೆ, ನಾನೇ ಎಣಿಸಿ ಕೊಟ್ಟಿದ್ದು. ಇಟ್ಟಿಗೆ ಸಿಕ್ಕೋಗಂಟ ಭಯ ಇಲ್ಲ, ಅಗೀರಿ." ಆಮೇಲೆ ಬಾಷಾನ ಕಡೆ ತಿರುಗಿ, "ನೀನೇ ಅಲ್ವೇನ್ಲಾ ಇಟ್ಟಿದ್ದು?" ಎಂದ.

ಬಾಷಾ ತಲೆಯಾಡಿಸಿದ. ಹೌದು ಎಂದೂ ಆಗಬಹುದು, ಇಲ್ಲ ಎಂದೂ ಆಗಬಹುದು, ಅಂಥ ಆಡಿಸುವಿಕೆ. ಚನ್ನಕ್ಕ ಮಾತ್ರ ಅದನ್ನು ಹೌದು ಎಂದೇ ತಿಳಿದಳು. ಸೆರಗು ಸೊಂಟಕ್ಕೆ ಕಟ್ಟಿ ಹಾರೆ ಎತ್ತಿಕೊಂಡಳು.

ಸ್ಟಾರ್ಟರಿನ ಡಬ್ಬಿಗೆ ಬೀಗವಿತ್ತು; ಮನೆಯ ಮೈನ್ ಸ್ವಿಚ್ ಇಳಿಸಿಬಿಟ್ಟರೆ ಮುಗಿಯುತ್ತಿತ್ತು. ಬಾಷಾ ಮೆಲ್ಲಗೆ ಆನಂದಪ್ಪನ ಸೊಸೆ ನಂದಿತಾಳನ್ನು ಕೇಳಿ ನೋಡಿದ. ಅವಳು ಕಿಟಕಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸು ಕೆಲಸದಲ್ಲಿದ್ದಳು. ಎಷ್ಟು ಹೊತ್ತು ಬೇಕು ಎಂದಳು, ಸಂಜೆವರೆಗೆ ಎಂದ, ಆಗುವುದಿಲ್ಲ ಎಂದಳು. ಆನಂದಪ್ಪನನ್ನು ಕೇಳಿದ. ಇಟ್ಟಿಗೆ ಇರುವಾಗ ಸ್ವಿಚ್ ಯಾಕೆ ಎಂಬ ಉತ್ತರ ಬಂತು. ಇನ್ನು ಒತ್ತಿ ಹೇಳಬೇಕೆಂದರೆ ಯಾಕೆಂದು ಹೇಳಬೇಕು. ಹೇಳಿದರೆ ಕಳ್ಳನೆಂಬ ಹೆಸರು ಬರುತ್ತದೆ, ಮೇಸ್ತ್ರಿಗಿರಿ ಅವತ್ತೇ ಹೋಗುತ್ತದೆ. ಮಗಳು ಅಮ್ರೀನಳ ಕಾಲೇಜು ಇನ್ನೂ ಎರಡು ವರ್ಷ ಇತ್ತು.

ಅದಕ್ಕೇ ಅವನು ತನ್ನದೇ ಒಂದು ಉಪಾಯ ಹೂಡಿದ. ವೈರು ದಾರಿಯ ನಟ್ಟನಡುವೆ ಹೋಗಿದೆ ಎಂದು ಅವನ ನೆನಪು. ಶಿವರಾಮ್ ಎಳೆದ ಸೀಮೆಸುಣ್ಣದ ಗೆರೆ ಆ ನಡುವಿಗೆ ಹತ್ತಿರವಿತ್ತು. ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಹೋದರೆ ಟೈಲ್ಸು ಕಡಿಮೆ ಒಡೆಯುತ್ತದೆ ಎಂದು ಹೇಳಿ ಗೆರೆಯನ್ನು ಗೋಡೆಗೆ ಸರಿಸಿದ. ಟೈಲ್ಸು ಉಳಿಯಿತೆಂದು ಆನಂದಪ್ಪ ಮೆಚ್ಚಿದ. ಬಾಷಾ ಉಸಿರು ಬಿಟ್ಟ.

ಬಿಟ್ಟ ಉಸಿರು ಪೂರ್ತಿ ಬರಲಿಲ್ಲ. ಸ್ಟಾರ್ಟರ್ ಆಟೋಮ್ಯಾಟಿಕ್. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ಬೋರು ತಾನೇ ಚಾಲೂ ಆಗುತ್ತದೆ, ಆಗ ಆ ವೈರಿನಲ್ಲಿ ಕರೆಂಟು ಹರಿಯುತ್ತದೆ. ಮೇಲಿನ ಬಾಡಿಗೆ ಮನೆಯಲ್ಲಿ ಸೋಮವಾರದ ಬಟ್ಟೆ ಒಗೆತ ನಡೆದಿತ್ತು. ವಾಷಿಂಗ್ ಮೆಷಿನ್ನಿನ ನೀರು ಗೋಡೆಯ ಪೈಪಿನಲ್ಲಿ ದಡದಡ ಇಳಿಯಿತು. ಸ್ವಲ್ಪ ಹೊತ್ತಿಗೆ ಯಾರೋ ಸ್ನಾನಕ್ಕೆ ಇಳಿದರು. ಪ್ರತಿ ಬಕೆಟ್ಟಿನ ಸದ್ದೂ ಬಾಷಾನ ಬೆನ್ನಿಗೆ ಬಡಿಯುತ್ತಿತ್ತು. ಕಣ್ಣು ಚನ್ನಕ್ಕನ ಹಾರೆಯ ಮೇಲೆ, ಕಿವಿ ಮೆಟ್ಟಿಲ ಪಕ್ಕದ ಡಬ್ಬಿಯ ಮೇಲೆ.

ಒಂದು ಅಡಿ ಇಳಿಯಿತು. ನೀನು ಮೇಲೆ ಬಾ, ನಾನು ಅಗೆಯುತ್ತೇನೆ ಎಂದು ಅವಳನ್ನು ಹತ್ತಿಸಿ ತಾನೇ ಇಳಿದ. ಹತ್ತು ಏಟಿಗೆ ಸೊಂಟ ಹಿಡಿಯಿತು. ಶಿವರಾಮ್ ಗಡಿಯಾರ ನೋಡಿ, ನಾಲ್ಕು ಗಂಟೆಗೆ ಪೈಪು ಒಳಗಿರಬೇಕು, ಮುದುಕಪ್ಪನ ಹಾರೆಯಾಟ ನೋಡಲು ತನಗೆ ಪುರುಸೊತ್ತಿಲ್ಲ ಎಂದ. ಚನ್ನಕ್ಕ ನಕ್ಕು ಕೈ ಕೊಟ್ಟು ಅವನನ್ನು ಮೇಲೆಳೆದಳು.

"ಏನ್ ಮೇಸ್ತ್ರಿ, ಇವತ್ತ ಭಾಳ ಕಾಳಜಿ ಬಂದೈತಿ ನನ್ನ ಮ್ಯಾಲ. ಬಿಡ್ರಿ, ಇಟ್ಟಿಗಿ ಬರೂತನಾ ಏನೂ ಆಗಂಗಿಲ್ಲ."

ಇಟ್ಟಿಗೆ ಬರುವತನಕ. ವೈರು ನಡುವೆ ಇದೆ, ಗೋಡೆಯ ಪಕ್ಕ ಇಲ್ಲ, ಎಂದು ಬಾಷಾ ತನಗೆ ತಾನೇ ಹೇಳಿಕೊಂಡ. ನಡುವೆ ನೇರವಾಗಿ ಬಂತು, ಅಲ್ಲಿ ಬಂಡೆ ಸಿಕ್ಕಿತು, ಬಂಡೆ ಒಡೆಯಲಿಲ್ಲ, ಆಮೇಲೆ...

ಆಮೇಲೆ ಏನು ಮಾಡಿದೆವು?

ಮೆಟ್ಟಿಲ ಪಕ್ಕ ಟಕ್ ಎಂದಿತು. ಗೇಟಿನ ಮೂಲೆಯ ಬೋರಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಚನ್ನಕ್ಕ ಹಾರೆಯನ್ನು ತಲೆಯ ಮೇಲಕ್ಕೆ ಎತ್ತಿದ್ದಳು.

ಬಾಷಾ ಮುಂದಕ್ಕೆ ಬಾಗಿ ಹಾರೆಯ ಮೇಲ್ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ತಬ್ಬಿಬ್ಬಾಗಿ ಅವನ ಮುಖ ನೋಡಿದಳು.

"ಇಲ್ಲಿ ಇಟ್ಟಿಗೆ ಇಲ್ಲ ಚನ್ನಕ್ಕ. ನಾನೇ ಎತ್ಕೊಂಡ್ ಹೋಗಿದೀನಿ. ಮೇಲೆ ಬಾ." ಕಿಟಕಿಯ ಕಡೆ ತಿರುಗಿ, "ಮೈನ್ ಇಳ್ಸಮ್ಮ, ಮಾತು ಆಮೇಲೆ," ಎಂದ. ಅವನ ದನಿಯಲ್ಲಿ ಏನಿತ್ತೋ, ನಂದಿತಾ ಲ್ಯಾಪ್‌ಟಾಪ್ ಬಿಟ್ಟು ಓಡಿದಳು. ಬೋರಿನ ಸದ್ದು ನಿಂತಿತು.

ಬಾಷಾ ಗುಂಡಿಗೆ ಇಳಿದು ಬರಿಗೈಯಲ್ಲಿ ಮಣ್ಣು ಕೆರೆದ. ಚನ್ನಕ್ಕನ ಹಾರೆ ಕಳೆದ ಏಟಿಗೆ ಕಚ್ಚಿದ್ದ ಗುರುತಿನಿಂದ ನಾಲ್ಕೇ ಬೆರಳು ಕೆಳಗೆ, ಗೋಡೆಯ ಪಕ್ಕದಲ್ಲಿ, ಕರೀ ವೈರು ಸಿಕ್ಕಿತು. ಆಗ ನೆನಪಾಯಿತು. ಬಂಡೆ ಒಡೆಯದೆ ವೈರನ್ನು ಗೋಡೆಯ ಪಕ್ಕಕ್ಕೆ ಬಳಸಿ ಒಯ್ದಿದ್ದರು. ಆ ಬಂಡೆಯಿಂದ ಹೋದ ಅರ್ಧ ದಿನದ ಕೂಲಿ ಇಪ್ಪತ್ಮೂರು ವರ್ಷ ನೆನಪಿತ್ತು, ಬಂಡೆಯ ಬಳಿ ವೈರು ತಿರುಗಿದ್ದು ಮರೆತುಹೋಗಿತ್ತು. ಶಿವರಾಮನ ಗೆರೆಯ ಮೇಲೆ ಅಗೆದಿದ್ದರೆ ಅವಳ ಹಾರೆ ವೈರಿನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಉಳಿಸುತ್ತೇನೆಂದು ಗುಟ್ಟಾಗಿ ಗೆರೆ ಸರಿಸಿ ಅವಳನ್ನು ವೈರಿನ ನೆತ್ತಿಯ ಮೇಲೆ ನಿಲ್ಲಿಸಿದವನು ಬಾಷಾನೇ.

ಆನಂದಪ್ಪ ಕುರ್ಚಿಯಿಂದ ಎದ್ದ. ನಲವತ್ತು ಇಟ್ಟಿಗೆ ಕದ್ದವನು ನೀನಾ ಎಂದು ಶುರು ಮಾಡಿದ. ಅರವತ್ತು ರೂಪಾಯಿ ಕೊಟ್ಟಿದ್ದರೆ ಕದಿಯುತ್ತಿರಲಿಲ್ಲ ಎಂದು ಬಾಷಾ ಅಂದ. ಯಾವ ಅರವತ್ತು ಎಂದು ಆನಂದಪ್ಪ, ಬಂಡೆಯ ಅರವತ್ತು ಎಂದು ಬಾಷಾ. ಇಬ್ಬರೂ ಇಪ್ಪತ್ಮೂರು ವರ್ಷ ಹಿಂದಕ್ಕೆ ಹೋಗಿ ಅಲ್ಲೇ ಕಾದಾಡತೊಡಗಿದರು.

ಚನ್ನಕ್ಕ ಗುಂಡಿಯ ಅಂಚಿನಲ್ಲಿ ಕೂತು ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಳು.

"ನಿಮ್ಮಿಬ್ರ ಲೆಕ್ಕದಾಗ ನನ್ನ ಹೆಣಾ ಯಾರ ಖಾತಿಗೆ ಬರೀತಿದ್ರಿ?"

ಅವಳು ಬಾಷಾನ ಕಡೆ ತಿರುಗಿದಳು. "ಅವರು ದೊಡ್ಡ ಮಂದಿ, ಅವರಿಗೆ ಹೇಳಾಕ ನಿಮಗ ಅಂಜಿಕಿ. ನನಗರ ಹೇಳಬೇಕಿತ್ತಲ್ರಿ. ಗುಂಡಿಯೊಳಗ ಇದ್ದಾಕಿ ನಾನು."



ಶಿವರಾಮ್ ಅವತ್ತು ಕೆಲಸ ನಿಲ್ಲಿಸಿದ. ಮರುದಿನ ಮೈನ್ ಇಳಿಸಿ, ದಾರಿಯ ಇನ್ನೊಂದು ಬದಿಗೆ ಅಗೆದು ಪೈಪು ಇಟ್ಟರು. ಕೆಳಗೆ ಗ್ಯಾಸ್ ಇದೆ ಎಂದು ತಿಳಿಸುವ ಹಳದಿ ಪಟ್ಟಿಯನ್ನು ಮೇಲೆ ಹಾಸಿ ಮುಚ್ಚಿದರು. ಬಾಷಾ ಕೈಯಿಂದ ದುಡ್ಡು ಹಾಕಿ ನಲವತ್ತು ಇಟ್ಟಿಗೆ ತಂದ. ತಾನೇ ಮಂಡಿಯೂರಿ ಹಳೆಯ ವೈರಿನ ಮೇಲೆ ಜೋಡಿಸಿದ. ಆನಂದಪ್ಪ ನಿಂತು ಎಣಿಸಿದ. ಅರವತ್ತು ರೂಪಾಯಿ ತೆಗೆಯಲಿಲ್ಲ. ಮೇಸ್ತ್ರಿಗಿರಿ ಹೋಯಿತು, ಈಗ ಬಾಷಾ ಮತ್ತೆ ಬರೀ ಕೂಲಿ. ನಿಂತುಹೋದ ಆ ಸೋಮವಾರದ ಮಧ್ಯಾಹ್ನದ ಕೂಲಿಯನ್ನು ಚನ್ನಕ್ಕನಿಗೂ ನಾಗಲಿಂಗಪ್ಪನಿಗೂ ಯಾರೂ ಕೊಟ್ಟಿಲ್ಲ. ಕೆಲಸ ಆಗಲಿಲ್ಲವಲ್ಲ ಎಂದ ಕಂಟ್ರ್ಯಾಕ್ಟರ್. ತಪ್ಪು ನನ್ನದಲ್ಲವಲ್ಲ ಎಂದ ಆನಂದಪ್ಪ.

ಚನ್ನಕ್ಕ ಈಗ ಯಾವ ಗೇಟಿನ ಒಳಗೆ ಹೋದರೂ ಹಾರೆಯನ್ನು ಗೋಡೆಗೆ ಒರಗಿಸಿ ನಿಲ್ಲುತ್ತಾಳೆ. ಮನೆಯವರು ಬಂದು ತಮಗೆ ಗೊತ್ತಿರುವುದನ್ನು ಹೇಳಬೇಕು, ಬಾಷಾ ತನಗೆ ಗೊತ್ತಿರುವುದನ್ನು ಹೇಳಬೇಕು, ಮೈನ್ ಇಳಿಯಬೇಕು. ಅಲ್ಲಿಯವರೆಗೆ ಗುಂಡಿಗೆ ಇಳಿಯುವುದಿಲ್ಲ. ಸೊಕ್ಕಿನ ಹೆಂಗಸು ಎಂದು ಹೆಸರು ಬಂದಿದೆ. ಬರಲಿ.

ನಾಳೆ ಅವಳು ನಿಮ್ಮ ಗೇಟಿಗೂ ಬರುತ್ತಾಳೆ, ನಿಮ್ಮ ಒಲೆಗೆ ಗ್ಯಾಸ್ ತರಲು. ಏನೂ ಇಲ್ಲ, ಅಗೀರಿ ಎಂದು ಕುರ್ಚಿಯಲ್ಲಿ ಕೂತು ಕೈ ಬೀಸಬೇಡಿ. ಏನು ಹೂತಿದ್ದೀರಿ, ಎಲ್ಲಿ ಹೂತಿದ್ದೀರಿ, ಯಾವುದು ನಿಮಗೇ ಗೊತ್ತಿಲ್ಲ, ಎದ್ದು ಬಂದು ಅವಳ ಮುಖ ನೋಡಿ ಹೇಳಿ. ಮೈನ್ ಸ್ವಿಚ್ಚನ್ನು ನಿಮ್ಮ ಕೈಯಾರೆ ಇಳಿಸಿ. ಕೆಲಸ ನಿಂತರೆ ನಿಂತ ಹೊತ್ತಿನ ಕೂಲಿಯನ್ನೂ ಕೊಡಿ. ಕೊಡುತ್ತೀರೋ, ಇಲ್ಲವೋ?