ಮಲಗಿದ್ದ ಮರೀನ ಎಬ್ಬಿಸಿದ್ದು

ನಾನು ಚಿಕ್ಕವನಿದ್ದಾಗ, ಅಂದ್ರೆ ನಿಮ್ ಲೆಕ್ಕದಲ್ಲಿ ರಾಜರ ಕಾಲ, ನನ್ ಲೆಕ್ಕದಲ್ಲಿ ಆರನೇ ಕ್ಲಾಸು, ಹರಿಯಬ್ಬೆ ಊರಲ್ಲಿ ನಮ್ಮಜ್ಜಿ ಮನೇಲಿ ಒಂದು ಹ್ಯಾಟೆ ಕೋಳಿ ಇತ್ತು. ಅದ್ರ ಸಿಟ್ಟಿಗೆ ನಾಯಿಗಳೇ ಬೇರೆ ಬೀದಿ ಹಿಡ್ಕಂಡು ಹೋಗ್ತಿದ್ವು. ಅಜ್ಜಿ ಬುಟ್ಟಿಗೆ ಬೂದಿ, ರಾಗಿಹುಲ್ಲು ಹಾಕಿ, ಹನ್ನೊಂದು ಮೊಟ್ಟೆ ಇಟ್ಟು ಅದನ್ನ ಕಾವಿಗೆ ಕೂರಿಸಿದ್ಲು.

ಮರಿ ಆಗೋಕೆ ಒಂದಿನ ಮುಂಚೆ ಅಜ್ಜಿ ಬೋಗುಣೀಲಿ ಉಗುರು ಬೆಚ್ಚಗಿನ ನೀರಿಟ್ಟು ಮೊಟ್ಟೆ ಬಿಟ್ಲು. ಒಳಗೆ ಜೀವ ಇದ್ರೆ ಮೊಟ್ಟೆ ಅಲ್ಲಾಡುತ್ತೆ. ಹತ್ತು ಅಲ್ಲಾಡಿದ್ವು. ಒಂದು ಸುಮ್ನೆ ತೇಲ್ತಿತ್ತು. ಅಜ್ಜಿ ಎಸೆಯೋಕೆ ಹೋದಾಗ ನಾನು ಕೈ ಹಿಡ್ಕಂಡೆ.

"ಇದು ನಂದು. ನಾನು ಎಬ್ಬಿಸ್ತೀನಿ."

"ನಿನ್ನ ಎಬ್ಬಿಸೋಕೇ ಮೂರು ಜನ ಬೇಕು," ಅಂದ್ಲು ಅಕ್ಕ.

ಆಗ ಆ ಮೊಟ್ಟೆ ಒಂದೇ ಒಂದ್ಸಲ ಅಲ್ಲಾಡ್ತು. ನಾನು ಊರೆಲ್ಲ ಡಂಗುರ ಸಾರಿದೆ.

ಮಾರನೇ ದಿನ ಅದು ಎಳ್ಳಷ್ಟು ತೂತು ಹೊಡೆದು ಚಿಂವ್ ಅಂತು. ಆಮೇಲೆ ಸುಮ್ಮನಾಯ್ತು. ಮಧ್ಯಾಹ್ನದ ಹೊತ್ತಿಗೆ ಉಳಿದವೆಲ್ಲ ಹೊರಗೆ ಬಂದ್ವು. ನಂದು ಬರಲಿಲ್ಲ. ನಾನು ಒಂದು ಯುಗ ಕಾದೆ. ಅಕ್ಕನ ಲೆಕ್ಕದಲ್ಲಿ ಅರ್ಧ ಗಂಟೆ. ಶಿಳ್ಳೆ ಹೊಡೆದೆ. ಅಪ್ಪನ ಫೋನಲ್ಲಿ ಅಲಾರಂ ಇಟ್ಟೆ. ಕೊನೆಗೆ, ಒಳಗೇ ಸತ್ತೋಗುತ್ತೆ ಅಂತ ಹೆದ್ರಿ, ಉಗುರಲ್ಲಿ ಚಿಪ್ಪು ಸುಲಿಯೋಕೆ ಶುರು ಮಾಡಿದೆ.

ಬಿಳೀ ಪೊರೆ ಮೇಲೆ ರಕ್ತ ಬಂತು.

ಅಜ್ಜಿ ಓಡಿ ಬಂದು ನೋಡಿ ಅಲ್ಲೇ ಕುಂತ್ಕಂಡ್ಲು. ಬೈಲಿಲ್ಲ. "ಅದು ಮಲಗಿತ್ತು ಕಣಪ್ಪ. ತೂತು ಹೊಡೆದು ಸುಸ್ತಾಗಿ ನಿದ್ದೆ ಮಾಡ್ತಿತ್ತು. ಎದ್ದು ಮತ್ತೆ ಹೊಡೀತಿತ್ತು. ಪೊರೇಲಿರೋ ರಕ್ತಾನ ಇನ್ನೂ ಮೈಯೊಳಕ್ಕೆ ಎಳ್ಕಂಡಿರಲಿಲ್ಲ."

ಸಂಜೆವರೆಗೂ ಅದು ನನ್ ಅಂಗೈಲಿತ್ತು. ಒದ್ದೆಯಾಗಿ, ಬಿಸಿಯಾಗಿ. ಕಣ್ ಬಿಡೋದು, ಮುಚ್ಚೋದು. ಪ್ರತಿ ಸಲ ಮುಚ್ಚಿದಾಗ್ಲೂ ನಿದ್ದೆ ಇರಬೇಕು ಅಂದ್ಕಂಡೆ. ಹಿಂದಿನ ಸಲ ಎಬ್ಬಿಸಿದ್ದ ತಪ್ಪಿಗೆ ಈ ಸಲ ಎಬ್ಬಿಸಲೇ ಇಲ್ಲ. ಕೊನೆಗೆ ಅಕ್ಕನೇ ಕೈಯಿಂದ ಇಸ್ಕಂಡ್ಲು.

ನಿಮಗೀಗ ಮೊಟ್ಟೆ ಕಾವಿಗಿಡೋಕೆ ಬಲ್ಬಿನ ಪೆಟ್ಟಿಗೆ ಐತೆ. ಕುಕ್ಕೋ ಹ್ಯಾಟೆ ಇಲ್ಲ, ಬೂದಿ ಇಲ್ಲ. ಗಾಜಿನಾಚೆ ನಿಂತು ವಿಡಿಯೋ ಮಾಡ್ತೀರಿ. ಬೆಳಗ್ಗೆ ಒಂದು ಮೊಟ್ಟೆ ತೂತು ಹೊಡೆದು ಸುಮ್ಮನಾದಾಗ ಚಮಚ ಹಿಡ್ಕಂಡು ಬಂದ್ರಲ್ಲ, "ಅಣ್ಣಾ, ನೀನು ತೆಗಿ" ಅಂತ, ಆಗ್ಲೇ ಪೆಟ್ಟಿಗೆಗೆ ಬೀಗ ಹಾಕಿ ಕೀ ಜೇಬಿಗಿಟ್ಕಂಡೆ. ಈ ಕತೇನ ಇಷ್ಟುದ್ದ ಎಳೆದಿದ್ದೂ ಅದಕ್ಕೇ.

ಚಮಚ ಕೆಳಗಿಡ್ರಲೇ. ಅದಿನ್ನೂ ಮಲಗೈತೆ.