ಮಂಜಲ್‌ಪುರದ ಹೋಟೆಲಿನಲ್ಲಿ ಒಂದು ಸ್ಕಾಟ್ಲೆಂಡಿನ ತಂಡ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಒಂದು ತಪ್ಪು ಬರೆಯಲು ಕೂರುವ ಮೊದಲೇ ಸಿಕ್ಕಿಬಿದ್ದಿದೆ. ಕಳೆದ ತಿಂಗಳು ಅಹಮದಾಬಾದಿನ ನಮ್ಮ ಮನೆಯಲ್ಲಿ ಚಳಿಗಾಲದ ಬಟ್ಟೆಗಳನ್ನು ಒಳಗಿಡುತ್ತಿದ್ದಾಗ ಪೆಟ್ಟಿಗೆಯ ತಳದಿಂದ ಉಣ್ಣೆಯ ಮಫ್ಲರ್ ಒಂದು ಹೊರಬಂತು. ನುಸಿಗುಳಿಗೆಯ ವಾಸನೆ, ಒಂದು ತುದಿಯಲ್ಲಿ ಬಿಚ್ಚಿಕೊಂಡ ನೂಲು. ಇಷ್ಟು ವರ್ಷ ಯಾರಿಗೆ ಈ ಕಥೆ ಹೇಳಿದರೂ ನಾನು ‘ಕೆಂಪು ಮಫ್ಲರ್’ ಎಂದೇ ಹೇಳಿದ್ದೇನೆ. ಕೈಯಲ್ಲಿದ್ದದ್ದು ಕಪ್ಪು ಹಳದಿ ಪಟ್ಟೆಯದು. ಕೆಂಪು ಎಲ್ಲಿಂದ ಬಂತೋ ತಿಳಿಯದು. ಆದ್ದರಿಂದ ನೀವು ಸ್ವಲ್ಪ ಎಚ್ಚರದಿಂದಲೇ ನನ್ನ ಜೊತೆ ಬನ್ನಿ.

ಮಫ್ಲರ್ ನನ್ನದಲ್ಲ, ಸದಾನಂದ ಮಾವನದು. ಮಾವ ಎಂದರೆ ಅಮ್ಮನ ತಮ್ಮ. ವಡೋದರದ ಮಂಜಲ್‌ಪುರದಲ್ಲಿ ಅವರದೊಂದು ಉಡುಪಿ ಹೋಟೆಲು. ನಾನು ಕೆಲಸ ಸಿಕ್ಕಿ ಅಹಮದಾಬಾದಿಗೆ ಹೊರಟಾಗ, ‘ಅಲ್ಲಿ ಚಳಿ ಜಾಸ್ತಿ’ ಎಂದು ಅದನ್ನು ನನ್ನ ಚೀಲಕ್ಕೆ ತುರುಕಿದ್ದರು. ಎರಡು ಊರಿನ ನಡುವೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಚಳಿ ಅಷ್ಟರಲ್ಲಿ ಎಷ್ಟು ಜಾಸ್ತಿಯಾಗಬಹುದೋ ಅಷ್ಟು ಜಾಸ್ತಿ.

ಆ ಮಫ್ಲರ್ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮೀನುಗಾರರ ಪಟ್ಟಣವೊಂದರ ಫುಟ್‌ಬಾಲ್ ತಂಡದ್ದು. ತಂಡದ ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ಕೇಳಿರುವುದಿಲ್ಲ. ಅಲ್ಲಿಯ ಲೀಗಿನ ನಾಲ್ಕು ದರ್ಜೆಗಳಲ್ಲಿ ಕೊನೆಯ ದರ್ಜೆಯಲ್ಲಿ, ಅದರಲ್ಲೂ ಕೊನೆಯ ಒಂದೆರಡು ಸ್ಥಾನಗಳಲ್ಲಿ ಆಗ ಅದರ ವಾಸ.

ಮಾವನಿಗೆ ಇದು ಅಂಟಿಕೊಂಡದ್ದು ಹಜೀರಾದಲ್ಲಿ. ಹೋಟೆಲು ಮಾಡುವ ಮೊದಲು ಅವರು ಅಲ್ಲಿ ಒಂದು ಕಾರ್ಖಾನೆಯ ಕಾಲೊನಿಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಹೊಸ ಯಂತ್ರಗಳನ್ನು ಕೂರಿಸಲು ಇಯಾನ್ ಎಂಬ ಸ್ಕಾಟಿಷ್ ಎಂಜಿನಿಯರ್ ಬಂದು ಎಂಟು ತಿಂಗಳಿದ್ದ. ಬೆಳಿಗ್ಗೆ ಆರು ಇಡ್ಲಿ, ಜೊತೆಗೆ ಚಟ್ನಿ ಬೇಡ, ಬೆಣ್ಣೆ. ಶನಿವಾರ ಸಂಜೆ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ತನ್ನೂರಿನ ಪಂದ್ಯದ ವರದಿ ಕೇಳುತ್ತ ಕೂರುತ್ತಿದ್ದ. ಗೆಸ್ಟ್‌ಹೌಸಿನಲ್ಲಿ ನೆಟ್ ಬರುತ್ತಿರಲಿಲ್ಲ. ಅವನ ಮುಖ ನೋಡಿ ಮಾವ ಮೊದಲ ಸಲ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡರಂತೆ. ಎರಡನೆಯ ಸಲ ಪಕ್ಕದಲ್ಲಿ ಕೂತರು. ಪಂದ್ಯ ನೋಡಲು ಎಷ್ಟು ಜನ ಬರುತ್ತಾರೆ ಎಂದು ಕೇಳಿದರು. ಇಯಾನ್ ಹೇಳಿದ ಲೆಕ್ಕ ಕೇಳಿ ಮಾವನಿಗೆ ಬಹಳ ಸಂತೋಷವಾಯಿತು.

‘ನಮ್ಮ ಕ್ಯಾಂಟೀನಿಗೆ ಒಂದು ಶಿಫ್ಟಲ್ಲಿ ಬರುವಷ್ಟೇ ಜನ ಮಾರಾಯ್ತಿ,’ ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ. ‘ಅಷ್ಟು ಜನರದ್ದು ಮುಖ ಸಮೇತ ನೆನಪಿಡ್ಲಿಕ್ಕೆ ಆಗ್ತದೆ.’

ಇಯಾನ್ ಊರಿಗೆ ಹಿಂತಿರುಗುವಾಗ ಮಫ್ಲರ್ ಕೊಟ್ಟುಹೋದ. ಒಮ್ಮೆ ಬನ್ನಿ, ನನ್ನ ಪಕ್ಕದಲ್ಲಿ ಕೂರಿಸಿ ಪಂದ್ಯ ತೋರಿಸುತ್ತೇನೆ ಎಂದ. ಹೊರಡುವವರು ಹೀಗೆ ಹೇಳುವುದುಂಟು, ಕೇಳಿಸಿಕೊಂಡವರು ಮರೆಯುವುದೂ ಉಂಟು. ಮಾವ ಮಾತ್ರ ಮರುವಾರವೇ ಬ್ಯಾಂಕಿಗೆ ಹೋಗಿ ಒಂದು ಠೇವಣಿ ಇಟ್ಟರು. ವರ್ಷಕ್ಕಿಷ್ಟು ಎಂದು ಅದಕ್ಕೆ ಸೇರಿಸುತ್ತ ಹೋದರು. ಮನೆಯಲ್ಲಿ ಅದಕ್ಕೆ ‘ಸ್ಕಾಟ್ಲೆಂಡ್ ಎಫ್‌ಡಿ’ ಎಂದೇ ಹೆಸರು. ಮದುವೆ, ಬಾಣಂತನ, ಹೋಟೆಲಿನ ಮುಂಗಡ ಯಾವುದಕ್ಕೂ ಅದನ್ನು ಮುರಿಯಲಿಲ್ಲ. ಮಂಗಳೂರಿನ ವಿಮಾನವನ್ನೂ ಹತ್ತದ ಮನುಷ್ಯ ಸ್ಕಾಟ್ಲೆಂಡಿಗೆ ಹೋಗಿ ಒಂದು ಪಂದ್ಯ ನೋಡಿ ಬರುವುದೆಂದು ತೀರ್ಮಾನಿಸಿದ್ದರು.

ನಾನು ಈ ಕಥೆಗೆ ಸೇರಿಕೊಂಡದ್ದು ಗುಮಾಸ್ತೆಯಾಗಿ. ಆಗ ವಡೋದರದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಮಾವ ಹಿಂದಿ, ಗುಜರಾತಿ, ತುಳು, ಕನ್ನಡ ನಾಲ್ಕನ್ನೂ ಗಲ್ಲಾದ ಮುಂದೆ ಒಟ್ಟಿಗೆ ನಡೆಸಬಲ್ಲರು, ಆದರೆ ಇಂಗ್ಲಿಷ್ ಓದು ಬರಹ ಅಷ್ಟಕ್ಕಷ್ಟೆ. ಕ್ಲಬ್ಬಿನಿಂದ ಬರುವ ಇ-ಮೇಲ್ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದು ಕಳಿಸುವುದು ನನ್ನ ಕೆಲಸ. ಸಂಬಳ ಒಂದು ಮಸಾಲೆದೋಸೆ.

ಮಾವ ಪ್ರತಿ ವರ್ಷ ಅಲ್ಲಿಯ ಇಡೀ ಸೀಸನ್ನಿನ ಟಿಕೆಟ್ ಕೊಳ್ಳುತ್ತಿದ್ದರು. ಸ್ಟ್ಯಾಂಡಿನಲ್ಲಿ ಅವರ ಹೆಸರಿನ ಒಂದು ಕುರ್ಚಿ. ಅದು ಖಾಲಿ ಇರುತ್ತದೆಂದು ತಿಳಿದಾಗ ಅವರಿಗೆ ತಡೆಯಲಾಗಲಿಲ್ಲ. ಹೋಟೆಲಿನವರ ಕಣ್ಣಿಗೆ ಖಾಲಿ ಕುರ್ಚಿ ಹೇಗೆ ಕಾಣುತ್ತದೆಂದು ನಮಗೆ ನಿಮಗೆ ಗೊತ್ತಾಗುವುದಿಲ್ಲ.

‘ಖಾಲಿ ಬಿಡ್ಬೇಡಿ ಅಂತ ಬರಿ. ಕಾದು ನಿಂತವರನ್ನು ಯಾರನ್ನಾದ್ರೂ ಕೂರಿಸ್ಲಿ.’

ಅಲ್ಲಿ ಯಾರೂ ಕಾದು ನಿಲ್ಲುವುದಿಲ್ಲ, ಮುಕ್ಕಾಲು ಸ್ಟ್ಯಾಂಡು ಖಾಲಿಯೇ ಇರುತ್ತದೆ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕಾರ್ಯದರ್ಶಿಯಾಗಿದ್ದ ವಯಸ್ಸಾದ ಹೆಂಗಸು ಗಂಭೀರವಾಗಿ ಉತ್ತರ ಬರೆದಳು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಒಬ್ಬಾಕೆಗೆ ಆ ಕುರ್ಚಿ ಕೊಟ್ಟಿದ್ದೇವೆ, ಫ್ಲಾಸ್ಕಿನಲ್ಲಿ ಚಹಾ ತರುತ್ತಾಳೆ, ನಿಮ್ಮನ್ನು ಕೇಳಿದಳು ಎಂದು ತಿಳಿಸಿದಳು. ಅಂದಿನಿಂದ ಜೋರು ಮಳೆಯಲ್ಲಿ ಪಂದ್ಯ ನಡೆದರೆ ಮಾವನಿಗೆ, ‘ನಮ್ಮ ಅಮ್ಮ ಬಂದಿದಾರೋ ಇಲ್ವೋ’ ಎಂಬ ಚಿಂತೆ.

ಪಂದ್ಯಗಳನ್ನು ಅವರು ಕೇಳುತ್ತಿದ್ದರು, ನೋಡುತ್ತಿರಲಿಲ್ಲ. ಕ್ಲಬ್ಬಿನ ಇಬ್ಬರು ಮುದುಕರು ಸಂಬಳವಿಲ್ಲದೆ ವೀಕ್ಷಕ ವಿವರಣೆ ಕೊಡುತ್ತಿದ್ದರು, ಅದು ಫೋನಿನಲ್ಲಿ ಬರುತ್ತಿತ್ತು. ಚಳಿಗಾಲದಲ್ಲಿ ನಮ್ಮ ಎಂಟೂವರೆಗೆ, ಬೇಸಿಗೆಯಲ್ಲಿ ಏಳೂವರೆಗೆ ಪಂದ್ಯ ಶುರು. ಹೋಟೆಲಿನಲ್ಲಿ ಜನ ತುಂಬುವ ಹೊತ್ತೇ ಅದು. ಗಲ್ಲಾದ ಮೇಲೆ ಸೋಂಪಿನ ಬಟ್ಟಲಿಗೆ ಫೋನನ್ನು ಒರಗಿಸಿಟ್ಟು ಮಾವ ಚಿಲ್ಲರೆ ಎಣಿಸುತ್ತಿದ್ದರು. ಆ ಮುದುಕರ ಇಂಗ್ಲಿಷು ಎಂ.ಎ. ಓದುತ್ತಿದ್ದ ನನಗೆ ಹತ್ತರಲ್ಲಿ ಎರಡು ಮಾತು ತಿಳಿದರೆ ಹೆಚ್ಚು. ಮಾವ ಮಾತ್ರ ತಲೆಯೆತ್ತದೆ, ‘ಬಾಲು ನಮ್ಮ ಗೋಲಿನ ಹತ್ರ ಉಂಟು’ ಎನ್ನುತ್ತಿದ್ದರು.

‘ನಿಮಗೆ ಹೇಗೆ ಗೊತ್ತಾಯ್ತು?’

‘ದೋಸೆ ಆಯ್ತಾ ಅಂತ ನೋಡ್ಲಿಕ್ಕೆ ನಾನು ಕಾವಲಿ ಹತ್ರ ಹೋಗ್ಬೇಕಾ? ಇಲ್ಲಿ ಕೂತ್ರೆ ಕೇಳ್ತದೆ.’

ನಿಜವಿರಬೇಕು. ನೋಡುವವರು ಅಷ್ಟು ಕಡಿಮೆ ಇದ್ದುದರಿಂದ ಒಬ್ಬೊಬ್ಬರ ಕೆಮ್ಮು, ಕೂಗು ಬೇರೆಬೇರೆಯಾಗಿ ಕೇಳುತ್ತಿತ್ತು. ಒಂದು ನಾಯಿಯೂ ಪ್ರತಿ ಪಂದ್ಯಕ್ಕೆ ಬರುತ್ತಿತ್ತು. ಸೋಲುವ ದಿನ ಅದೂ ಬೊಗಳುತ್ತಿರಲಿಲ್ಲ ಎಂದು ನನ್ನ ನೆನಪು. ಇದನ್ನು ನೀವು ನಂಬಬೇಕಾಗಿಲ್ಲ.

‘ಇಷ್ಟು ದೊಡ್ಡ ಪ್ರಪಂಚದಲ್ಲಿ ಗೆಲ್ಲುವ ತಂಡ ಒಂದೂ ಸಿಗ್ಲಿಲ್ವಾ ಇವರಿಗೆ?’ ಎಂದು ಜಲಜತ್ತೆ, ಅಂದರೆ ಮಾವನ ಹೆಂಡತಿ, ಅಡುಗೆಮನೆಯ ಕಿಂಡಿಯಿಂದ ಕೇಳುತ್ತಿದ್ದರು.

‘ಗೆಲ್ಲುವವರ ಹತ್ರ ಜನ ಇದ್ದಾರಲ್ಲ. ನಾನು ಅಲ್ಲಿ ಹೋಗಿ ಎಂತ ಮಾಡ್ಲಿ?’

ಮಾವ ಕೊನೆಗೂ ಹೊರಡುವುದೆಂದು ನಿಶ್ಚಯಿಸಿದ ವರ್ಷವೇ ತಂಡಕ್ಕೆ ಎರಡು ಕಷ್ಟ ಒಟ್ಟಿಗೆ ಬಂದವು. ಪಾಸ್‌ಪೋರ್ಟು ಬಂದಿತ್ತು. ಏಪ್ರಿಲ್ ಕೊನೆಯಲ್ಲಿ ಹೋಗುವುದು, ತವರಿನ ಮೈದಾನದ ಕೊನೆಯ ಪಂದ್ಯ ನೋಡುವುದು, ‘ಅಮ್ಮ’ನಿಗೆ ಒಂದು ಡಬ್ಬಿ ಚಕ್ಕುಲಿ. ಅಷ್ಟರಲ್ಲಿ ತಂಡ ಪಟ್ಟಿಯ ತಳಕ್ಕೆ ಬಿತ್ತು. ಅಲ್ಲಿ ಕೊನೆಯ ದರ್ಜೆಯಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದವರು ಕೆಳಗಿನ ಪ್ರಾದೇಶಿಕ ಲೀಗಿನಿಂದ ಬಂದವರ ಜೊತೆ ಎರಡು ಪಂದ್ಯ ಆಡಬೇಕು. ಸೋತರೆ ದೊಡ್ಡ ಲೀಗಿನಿಂದಲೇ ಹೊರಕ್ಕೆ. ಇದರ ನಡುವೆ ಕ್ಲಬ್ಬಿನಲ್ಲಿ ಹಣ ಮುಗಿಯಿತು. ಗಾಳಿಮಳೆಗೆ ಸ್ಟ್ಯಾಂಡಿನ ತಗಡಿನ ಮಾಡು ಹಾರಿಹೋಗಿ, ದುರಸ್ತಿ ಮಾಡಿಸದೆ ಆಡುವಂತಿಲ್ಲ ಎಂದಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಯಿಂದ ಎಲ್ಲ ಬೆಂಬಲಿಗರಿಗೂ ಒಂದು ಉದ್ದನೆಯ ಪತ್ರ ಬಂತು.

ನಾನು ಗಲ್ಲಾದ ಪಕ್ಕ ನಿಂತು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಬೇಸಿಗೆಯೊಳಗೆ ಹಣ ಕೂಡದಿದ್ದರೆ ನೂರು ವರ್ಷ ದಾಟಿದ ಕ್ಲಬ್ಬನ್ನು ಮುಚ್ಚಬೇಕಾಗಬಹುದು ಎಂಬಲ್ಲಿಗೆ ಬರುವಾಗ ನನ್ನ ದನಿ ಸ್ವಲ್ಪ ನಡುಗಿತ್ತು. ನಡುಗಿಸಿದೆ ಎಂದರೂ ತಪ್ಪಿಲ್ಲ. ಕಾಲೇಜಿನ ನಾಟಕಗಳಲ್ಲಿ ನನಗೆ ಬಹುಮಾನ ಬರುತ್ತಿತ್ತು. ಮಾವ ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟರು. ಬಟ್ಟೆ ತೆಗೆದುಕೊಂಡು ಗಲ್ಲಾದ ಗಾಜು ಒರೆಸಿದರು. ಆಮೇಲೆ ಒಳಗೆ ಹೋಗಿ ಎಫ್‌ಡಿಯ ಕಾಗದ ತಂದರು.

‘ನಾಳೆ ಬ್ಯಾಂಕಿಗೆ ಹೋಗುವ. ನೀನೂ ಬಾ, ಫಾರಂ ತುಂಬ್ಸುದುಂಟು.’

ಜಲಜತ್ತೆ ಕಿಂಡಿಯ ಹಿಂದೆ ನಿಂತಿದ್ದರು. ಬಯ್ಯುತ್ತಾರೆ ಎಂದುಕೊಂಡೆ. ‘ಚಕ್ಕುಲಿ ಹಿಟ್ಟು ಬೀಸಿ ಆಗಿದೆ,’ ಎಂದಷ್ಟೇ ಹೇಳಿದರು. ಆ ವಾರ ಹೋಟೆಲಿಗೆ ಬಂದ ಎಲ್ಲರಿಗೂ ಚಹಾದ ಜೊತೆ ಚಕ್ಕುಲಿ ಸಿಕ್ಕಿತು.

ಎಫ್‌ಡಿ ಮುರಿದ ಹಣ ಕ್ಲಬ್ಬಿಗೆ ಹೋಯಿತು. ಕ್ಲಬ್ಬು ಮುಚ್ಚಲಿಲ್ಲ. ಮಾಡಿನ ಹೊಸ ತಗಡಿನ ಫೋಟೊ ಬಂತು, ತಂಡದ ಆಟಗಾರರೆಲ್ಲ ಸಾಲಾಗಿ ನಿಂತ ದೊಡ್ಡ ಫೋಟೊವೂ ಬಂತು. ಮಾವ ಅದಕ್ಕೆ ಕಟ್ಟು ಹಾಕಿಸಿ ಕೃಷ್ಣನ ಪಟಕ್ಕೂ ಹೋಟೆಲಿನ ಲೈಸೆನ್ಸಿಗೂ ನಡುವೆ ತೂಗುಹಾಕಿದರು. ಬೆಳಿಗ್ಗೆ ಊದುಬತ್ತಿ ಎಲ್ಲ ಪಟಗಳಿಗೂ ಸುತ್ತು ಬರುವಾಗ ಇವರಿಗೂ ಬರುತ್ತಿತ್ತು. ಕೊನೆಯ ಎರಡು ಪಂದ್ಯಗಳ ವಾರ ಬಂದಾಗ, ದೇವರಿಗೆ ತಂದ ಹಾರದಲ್ಲಿ ಒಂದನ್ನು ಈ ಹುಡುಗರಿಗೂ ಹಾಕಿದರು. ಒಳ್ಳೆಯದಾಗಲಿ ಎಂದು.

ಮಧ್ಯಾಹ್ನ ದಿನಾ ಊಟಕ್ಕೆ ಬರುವ ಗುಜರಾತಿ ಗಿರಾಕಿ ಜಯಂತಿಕಾಕಾ ಕೈ ತೊಳೆದುಕೊಂಡು ಬಂದವರು ಪಟದ ಮುಂದೆ ನಿಂತುಬಿಟ್ಟರು. ಒಂದು ಕಡೆಯಿಂದ ತಲೆ ಎಣಿಸಿದರು. ಗಲ್ಲಾದ ಹತ್ತಿರ ಬಂದು ಮಾವನ ಕೈ ಹಿಡಿದು ಮೆಲ್ಲನೆ ಕೇಳಿದರು:

‘ಸದಾನಂದಭಾಯಿ, ಆ ಬಧಾ ಏಕ್ ಸಾಥೇ ಗಯಾ?’ ಇವರೆಲ್ಲ ಒಟ್ಟಿಗೇ ಹೋದರಾ?

ಮನುಷ್ಯರ ಫೋಟೊಕ್ಕೆ ಹಾರ ಬೀಳುವುದು ಯಾವಾಗ ಎಂಬುದು ಮಾವನಿಗೆ ಆಗ ಹೊಳೆಯಿತು. ಸ್ಟೂಲಿನ ಮೇಲೆ ಹತ್ತಿ ಹಾರ ಕಿತ್ತರು. ಜಲಜತ್ತೆ ಒಳಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಕಾ ಮಾತ್ರ ಅವರೆಲ್ಲ ಬದುಕಿದ್ದಾರೆ ಎಂದು ಗೊತ್ತಾದ ಮೇಲೂ ಪಾಪಪ್ರಜ್ಞೆಯಿಂದಲೋ ಏನೋ ಶನಿವಾರದ ಪಂದ್ಯ ಕೇಳಲು ಬಂದು ಕೂತರು.

ಮೊದಲ ಪಂದ್ಯ ಸಮ ಆಗಿತ್ತು. ಎರಡನೆಯದು ನಮ್ಮ ಮೈದಾನದಲ್ಲಿ. ಹೌದು, ಅಷ್ಟು ಹೊತ್ತಿಗೆ ನಾನೂ ‘ನಮ್ಮ’ ಎನ್ನುತ್ತಿದ್ದೆ. ಮುಗಿಯಲು ಕೆಲವು ನಿಮಿಷಗಳಿರುವಾಗ ಫೋನಿನಲ್ಲಿ ಮುದುಕರಿಬ್ಬರೂ ಮಾತು ನಿಲ್ಲಿಸಿದರು. ಯಾರೂ ಅನುವಾದ ಮಾಡಬೇಕಾಗಲಿಲ್ಲ. ಕಾಕಾ ನನ್ನ ಮುಖ ನೋಡಿದರು. ಮಾವ ಮೇಜುಗಳ ಕಡೆ ನೋಡುತ್ತ, ‘ಆರನೇ ಟೇಬಲಿಗೆ ನೀರು ಕೊಡಿ,’ ಎಂದರು.

ತಂಡ ಲೀಗಿನಿಂದ ಹೊರಬಿತ್ತು. ‘ಹಾರ ಹಾಕಿದವ್ರು ನೀವೇ ಅಲ್ವಾ,’ ಎಂದು ಜಲಜತ್ತೆ ಒಮ್ಮೆ ಹೇಳಿ, ಮಾವನ ಮುಖ ನೋಡಿ, ಮತ್ತೆಂದೂ ಅದನ್ನು ಎತ್ತಲಿಲ್ಲ. ಮರುದಿನ ನಾನು ಸಮಾಧಾನ ಹೇಳಲು ಹೋದರೆ ಮಾವ ನನಗಾಗಿ ಕಾಯುತ್ತಿದ್ದರು. ಬರೆಯುವುದಿತ್ತು. ಬರುವ ವರ್ಷಕ್ಕೂ ಕುರ್ಚಿ ಬೇಕು, ಅದೇ ಕುರ್ಚಿ. ಕೆಳಗಿನ ಲೀಗಿನಲ್ಲಿ ಟಿಕೆಟಿಗೆ ಬೆಲೆ ಕಡಿಮೆಯಾದರೂ ನಾನು ಹಳೆಯ ಬೆಲೆಯೇ ಕೊಡುತ್ತೇನೆ. ಗೋಲ್‌ಕೀಪರ್ ಹುಡುಗನಿಗೆ ಯಾರೂ ಬಯ್ಯಬೇಡಿ.

ಆ ಬೆಳಿಗ್ಗೆ ಅವರನ್ನು ಕಂಡು ನನಗಾದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ನಿಷ್ಠೆ ಎಂಬುದು ಯಾವಾಗಲೂ ದೊಡ್ಡ ದನಿಯಲ್ಲಿ ಮಾತಾಡುತ್ತಿತ್ತು. ಇವರು ಬೆಳಗಿನ ಸಾಂಬಾರಿಗೆ ಸಕ್ಕರೆ ಹೆಚ್ಚಾಗಿದೆಯೆಂದು ಅಡಿಗೆಯವರ ಜೊತೆ ಜಗಳವಾಡುತ್ತ ನಡುವೆ ಇದನ್ನು ಬರೆಸಿದರು. ತಂಡ ಇನ್ನೂ ಕೆಳಗಿನ ಲೀಗಿನಲ್ಲೇ ಇದೆ. ಕುರ್ಚಿ ಇನ್ನೂ ಮಾವನ ಹೆಸರಿನಲ್ಲೇ ಇದೆ. ಮಾವ ಸ್ಕಾಟ್ಲೆಂಡಿಗೆ ಹೋಗಲಿಲ್ಲ. ಈಗ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಇನ್ನು ಹೋಗುವುದೂ ಇಲ್ಲ.

ಇದನ್ನು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮಫ್ಲರಿನ ಬಣ್ಣ ತಪ್ಪಿದ ಮೇಲೆ ನನಗೆ ನನ್ನ ಮೇಲೆ ನಂಬಿಕೆ ಉಳಿಯಲಿಲ್ಲ. ಬರೆಯುವ ಮೊದಲು ಹಳೆಯ ಇ-ಮೇಲುಗಳನ್ನು ತೆರೆದು ಒಂದೊಂದಾಗಿ ಓದಿದೆ. ಆ ಭಾನುವಾರದ ಪತ್ರವೂ ಸಿಕ್ಕಿತು. ಕಾರ್ಯದರ್ಶಿಯ ಸಹಿಯ ಕೆಳಗೆ, ಮಾವನಿಗೆಂದೇ ಪ್ರತ್ಯೇಕವಾಗಿ ಸೇರಿಸಿದ ಒಂದು ಸಾಲಿತ್ತು. ಈ ಪತ್ರ ಎಲ್ಲರಿಗೂ ಹೋಗುತ್ತಿದೆ, ನೀವು ದಯವಿಟ್ಟು ಏನೂ ಕಳಿಸಬೇಡಿ, ನೀವು ಏಪ್ರಿಲ್‌ನಲ್ಲಿ ಬರುವುದನ್ನೇ ನಾವೆಲ್ಲ ಕಾಯುತ್ತಿದ್ದೇವೆ.

ಈ ಸಾಲನ್ನು ನಾನು ಓದಿ ಹೇಳಿದ ನೆನಪಿಲ್ಲ. ದಿನಚರಿ ತೆಗೆದು ನೋಡಿದೆ. ‘ಮಾವನಿಗೆ ಪತ್ರ ಓದಿ ಹೇಳಿದೆ. ಸಿನಿಮಾಕ್ಕೆ ತಡವಾಯಿತು,’ ಎಂದಿದೆ. ಸಹಿ ಕಂಡೊಡನೆ ಮುಗಿಯಿತೆಂದು ಫೋನ್ ಕೆಳಗಿಟ್ಟೆನೋ, ಮಾವ ಅಷ್ಟರಲ್ಲೇ ಒಳಗೆ ಹೋಗಿದ್ದರೋ, ಅಥವಾ ನನ್ನ ದನಿ ಉಂಟುಮಾಡಿದ ಆ ಮೌನ ನನಗೇ ಇಷ್ಟವಾಗಿ ಅದನ್ನು ಕೆಡಿಸಲು ಮನಸ್ಸು ಬರಲಿಲ್ಲವೋ. ಮೂರನೆಯದು ನಿಜವಾಗಿರದಿರಲಿ ಎಂದು ಬಯಸುತ್ತೇನೆ. ಬಯಸಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ.

ಶನಿವಾರ ರೈಲು ಹತ್ತಿ ಮಂಜಲ್‌ಪುರಕ್ಕೆ ಹೋದೆ. ಪಂದ್ಯದ ಅರ್ಧ ವಿರಾಮ. ನನ್ನ ಫೋನಿನಲ್ಲಿ ಆ ಸಾಲನ್ನು ತೋರಿಸಿ, ಈ ಸಲ ದನಿ ನಡುಗಿಸದೆ, ಕನ್ನಡದಲ್ಲಿ ಹೇಳಿದೆ. ಮಾವ ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಯಾರೋ ಬಿಲ್ಲು ಹಿಡಿದು ಬಂದರು, ಅವರಿಗೆ ಚಿಲ್ಲರೆ ಕೊಟ್ಟರು. ಅಷ್ಟರಲ್ಲಿ ಎರಡನೆಯ ಅರ್ಧ ಶುರುವಾಯಿತು. ನನಗೂ ಒಂದು ಕುರ್ಚಿ ಎಳೆದು ಕೊಟ್ಟರು. ನಾನು ಕೇಳಿದ್ದು ಇಷ್ಟೇ:

‘ಮಾವ, ಅವತ್ತು ನಾನು ಇದನ್ನು ಓದಿದ್ರೆ ನೀವು ಹೋಗ್ತಿದ್ರಾ?’