ಹಡಗು ಕಟ್ಟುವ ಚಿಕ್ಕಿಯ ಯಂಕಪ್ಪ

ಪೆದ್ದೆಮುಲ್ ಕಡೆಯ ನಮ್ಮ ಊರಲ್ಲಿ ಸಮುದ್ರ ಕಂಡು ತಿರುಗಿ ಬಂದವನು ಒಬ್ಬನೇ, ಕುರಿ ಕಾಯುವ ಯಂಕಪ್ಪ. ಕಂಡದ್ದನ್ನು ಕಂಡ ಹಾಗೆ ಹೇಳಿದಾಗ ಊರು ನಕ್ಕಿತು. ಅದಕ್ಕೇ ಅವನು ಸಮುದ್ರವನ್ನು ಎತ್ತಿ ಆಕಾಶದಲ್ಲಿಟ್ಟ. ಆಗ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ನಮ್ಮ ಜನವೇ ಹಂಗೆ.

ಅರವತ್ಮೂರರಲ್ಲೋ ಅರವತ್ನಾಲ್ಕರಲ್ಲೋ ರೋಗ ಬಂದು ಅವರ ಅರ್ಧ ಹಿಂಡು ಸತ್ತಿತ್ತು. ಯಂಕಪ್ಪ ಮತ್ತು ಅವನ ಅಣ್ಣ ಧರ್ಮಣ್ಣ ತಾಂಡೂರಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋದರು. ಹಡಗು ಕಟ್ಟುವ ಕಡೆ ಕೂಲಿ ಸಿಕ್ಕಿತು. ಎರಡು ವರ್ಷದ ಮೇಲೆ ಯಂಕಪ್ಪ ಒಬ್ಬನೇ ತಿರುಗಿ ಬಂದ.

ಆದದ್ದನ್ನು ಅವನು ಹೇಳಿದ್ದು ಗೆಳೆಯನೆಂದು ನನಗೊಬ್ಬನಿಗೆ. ಧರ್ಮಣ್ಣ ಕಡ್ಡಿಯಂಥ ಆಳು. ಹಡಗಿನ ತಳ ಎರಡು ಪದರದ್ದಂತೆ, ನಡುವೆ ಬೆಕ್ಕು ನುಸುಳುವಷ್ಟು ಸಂದು. ಹೊರಗಿನವರು ಕಾಯಿಸಿದ ಮೊಳೆ ಬಡಿಯುವಾಗ ಒಳಗೊಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಆ ಕೆಲಸ ಧರ್ಮಣ್ಣನದು. ಒಂದು ದಿನ ಅವನು ಒಳಗಿದ್ದಾಗಲೇ ಕೊನೆಯ ತಗಡು ಮುಚ್ಚಿದರು. ಬಡಿತ ನಿಂತ ಮೇಲೆ ಒಳಗಿಂದ ಧರ್ಮಣ್ಣನ ಕೂಗು ಬಂತು, ಕುರಿ ಕರೆಯುವಾಗ ಹಾಕುವಂಥದೇ. ಯಂಕಪ್ಪ ಕೂಲಿಯವರ ಮೇಲಿನ ಮುಕಾದಮನ ಕಾಲು ಹಿಡಿದ. ಸಮುದ್ರ ಉಬ್ಬಿದೆ, ಇಳಿಯುವುದರೊಳಗೆ ಹಡಗು ನೀರಿಗೆ ಹೋಗಬೇಕು, ತಗಡು ಬಿಚ್ಚಲು ಆಗುವುದಿಲ್ಲ, ಬಾಯಿ ಮುಚ್ಚು ಎಂದ ಮುಕಾದಮ. ತೆಂಗಿನಕಾಯಿ ಒಡೆದರು, ಬಾಜಾ ಬಾರಿಸಿದರು, ಹಡಗನ್ನು ನೀರಿಗೆ ಬಿಟ್ಟರು.

ತಾಯಿ ಮರೆಮ್ಮ, “ಅಣ್ಣ ಎಲ್ಲೋ?” ಎಂದಾಗ ಯಂಕಪ್ಪ ಸುಳ್ಳು ಹೇಳಿದ. “ಹಡಗದಾಗ ಹೋಗ್ಯಾನವ್ವ. ಭಾಳ ದೂರ. ಬರಾಕ ಹೊತ್ತಾಗ್ತದ” ಎಂದ. ಮುದುಕಿ ನಂಬಿ ಕೂತಳು. ಧರ್ಮಣ್ಣನ ಪಾಲಿನ ನಾಲ್ಕು ಹೆಣ್ಣು ಕುರಿಗಳನ್ನು ಯಂಕಪ್ಪನ ಹಿಂಡಿಗೆ ಕೂಡಿಸದೆ ಮನೆಯಲ್ಲೇ ಕಟ್ಟಿಕೊಂಡು ತಾನೇ ಕಾಯುತ್ತಿದ್ದಳು. “ಅಂವ ಬಂದು ಕೇಳಿದ್ರ ಏನ್ ಹೇಳ್ಲಿ?” ಎನ್ನುತ್ತಿದ್ದಳು.

ಕುರಿ ಕಾಯುವವರಲ್ಲಿ ಒಂದು ಕಟ್ಟಳೆ ಇದೆ. ಒಬ್ಬೊಬ್ಬ ಗಂಡಾಳಿಗೆ ಒಂದೊಂದು ಕೂಗು. ಅಣ್ಣನ ಕೂಗು ತಮ್ಮ ಹಾಕುವುದಿಲ್ಲ, ಅಪ್ಪನದು ಮಗ ಹಾಕುವುದಿಲ್ಲ. ಆಳು ದೂರ ಹೋದಾಗಲಂತೂ ಅವನ ಕೂಗನ್ನು ಯಾರೂ ಬಾಯಿಗೆ ತರುವುದಿಲ್ಲ. ಅವನ ಕುರಿಗಳನ್ನು ಬರೀ ಕೋಲಿನಿಂದ ಹೊಡೆಯುತ್ತಾರೆ. ಧರ್ಮಣ್ಣನ ಕೂಗು ಹೀಗಿತ್ತು: ನಾಲಗೆಯಿಂದ ಎರಡು ಸಲ ಟಕ್ ಟಕ್, ಆಮೇಲೆ ಮೂಗಿನಿಂದ ಹೊರಟು ಬಾಯಲ್ಲಿ ಮುಗಿಯುವ ಉದ್ದನೆಯ “ಹೀಂಽಽಯೋ”. ಅರ್ಧ ಮೈಲಿಯಿಂದ ಅವನ ಕುರಿಗಳು ಓಡಿ ಬರುತ್ತಿದ್ದವು.

ಯಂಕಪ್ಪ ಮೊದಮೊದಲು ಚಹಾದ ಹೋಟೆಲಿನಲ್ಲಿ ಹಡಗಿನ ಸುದ್ದಿ ಹೇಳಿ ನೋಡಿದ. ಅಲ್ಲೇ ಕೂತಿದ್ದ ನಮ್ಮ ಬಕ್ಕಪ್ಪ ಬಿಟ್ಟಾನೆಯೇ?

“ಕಬ್ಬಿಣ ತೇಲ್ತದಂತ, ಕಬ್ಬಿಣ! ನಮ್ಮ ಬಾವ್ಯಾಗ ಕುಡಗೋಲು ಬಿದ್ದು ಮೂರು ವರ್ಷ ಆತು. ಇನ್ನಾ ತೇಲಿ ಬಂದಿಲ್ಲ. ನಿಮ್ಮ ಮುಂಬಯಿ ಕುಡಗೋಲು ಇದ್ದಿದ್ರ ಬರ್ತಿತ್ತೇನೋ!”

ಅಂದಿನಿಂದ ಯಂಕಪ್ಪನಿಗೆ ‘ತೇಲೋ ಕುಡಗೋಲು’ ಎಂದು ಹೆಸರು ಬಿತ್ತು. ಆಮೇಲೆ ಅವನು ಮುಂಬಯಿಯ ಮಾತು ಬಿಟ್ಟು ಆಕಾಶದ ಚಿಕ್ಕಿಯ ಮಾತು ಹಿಡಿದ. ಸಂಜೆ ಪಡುವಣದಲ್ಲಿ ಕಾಣುವ ದೊಡ್ಡ ಚಿಕ್ಕಿ ತೋರಿಸಿ, “ಅಲ್ಲಿ ಹಡಗು ಕಟ್ಟತಾರ” ಎಂದ. ಆ ಲೋಕದಲ್ಲಿ ನೀರು ಕೆಳಗಿಲ್ಲ, ಮೇಲಿದೆ. ಚಿಕ್ಕಿ ಚಿಕ್ಕಿಯ ನಡುವೆ ಕಾಣುವ ಕಪ್ಪೆಲ್ಲ ನೀರೇ. ಹಡಗು ಕಟ್ಟಿ ಹಗ್ಗ ಬಿಚ್ಚಿದರೆ ಅದು ಮೇಲಕ್ಕೆ ಬೀಳುತ್ತದೆ.

ಅಲ್ಲಿ ಮೂರು ಜಾತಿಯ ಜೀವಗಳು. ಠಣಕರು ತಾಳೆಮರದ ಎತ್ತರ, ಮುಷ್ಟಿಯೇ ಸುತ್ತಿಗೆ. ತಮ್ಮದೇ ಸದ್ದಿಗೆ ಕಿವಿ ಕಳೆದುಕೊಂಡವರು. ಮಿಣಕರಿಗೆ ಕೈ ಇಲ್ಲ, ಮೈತುಂಬ ಕಣ್ಣು. ಮೇಲಿನ ನೀರು ಯಾವಾಗ ಹತ್ತಿರ ಬರುತ್ತದೆ ಎಂದು ಹೇಳುವುದಷ್ಟೇ ಅವರ ಕೆಲಸ, ಅದಕ್ಕೇ ದೊಡ್ಡ ಪಾಲು ಅವರಿಗೆ. ಮೂರನೆಯವರು ನುಸುಳರು. ಮೂಳೆ ಇಲ್ಲ, ಹಗ್ಗದಂಥ ಮೈ, ಕಬ್ಬಿಣದ ತುಕ್ಕು ನೆಕ್ಕಿ ಬದುಕುವವರು. ಹಡಗಿನ ಹೊಟ್ಟೆಯೊಳಗೆ ನುಸುಳಿ ಒಳಗಿಂದ ಒತ್ತಿ ಹಿಡಿಯುವವರು ಅವರೇ. ಠಣಕರ ಮಕ್ಕಳು ಅವರನ್ನು ಬಾಲ ಹಿಡಿದು ತಿರುಗಿಸಿ ಆಡುತ್ತಾರೆ. ಹಡಗು ಹೊರಟ ಹಬ್ಬದ ದಿನ ನುಸುಳರಿಗೆ ಊಟವಿಲ್ಲ, ಅವರು ಎಣಿಸಿಕೊಳ್ಳಬೇಕು, ಎಲ್ಲರೂ ಹೊರಗೆ ಬಂದಿದ್ದಾರೆಯೇ ಎಂದು.

ಕಬ್ಬಿಣ ತೇಲುವುದನ್ನು ನಂಬದ ಬಕ್ಕಪ್ಪ ಇದನ್ನೆಲ್ಲ ತಲೆದೂಗಿ ಕೇಳಿದ.

ಆ ಕತೆಯ ಹುಚ್ಚು ಹತ್ತಿದ್ದು ಗಂಗಾರಾಮ ಪಟೇಲನಿಗೆ. ಬೇಸಿಗೆಯಲ್ಲೂ ನೀರಿರುವ ಬಾವಿ ನಮ್ಮ ಕಡೆ ಅವನದೊಂದೇ. ಸುಗ್ಗಿ ಮುಗಿದ ಮೇಲೆ ಯಂಕಪ್ಪ ಅವನ ಬಯಲು ಹೊಲದಲ್ಲಿ ಹಟ್ಟಿ ಹಾಕುತ್ತಿದ್ದ. ಕುರಿಯ ಗೊಬ್ಬರ ಹೊಲಕ್ಕೆ, ಬಾವಿಯ ನೀರು ಕುರಿಗೆ. ಗಂಗಾರಾಮ ಅದರ ಮೇಲೆ ಕತೆಯನ್ನೂ ಬೇಡಿದ. ಸಂಜೆಯಾದರೆ ಬಾವಿಯ ಕಟ್ಟೆಗೆ ಬಂದು ಕೂರುತ್ತಿದ್ದ, ನಾವು ನಾಲ್ಕೈದು ಜನವೂ ಕೂರುತ್ತಿದ್ದೆವು. ಅವನಿಗೆ ಬೇಕಾದ್ದು ಒಂದೇ ಭಾಗ, ಹಡಗಿನ ಹೊಟ್ಟೆ ಮುಚ್ಚಿದ ಮೇಲೆ ಒಳಗೆ ಉಳಿದ ನುಸುಳನದು.

“ಒಳಗ ಉಳಿದೋನು ಹೆಂಗ ಒದರ್ತಾನೋ? ಮಾಡಿ ತೋರಿಸು.”

ಯಂಕಪ್ಪ ಆ ಮೊದಲ ಸಲ ಏನು ಯೋಚಿಸಿದನೋ ದೇವರಿಗೇ ಗೊತ್ತು. ಕಿವಿಯಲ್ಲಿ ಇದ್ದದ್ದು ಅದೊಂದೇ ಸದ್ದು. ಟಕ್ ಟಕ್, ಹೀಂಽಽಯೋ. ಊರಿನಿಂದ ದೂರದ ಹೊಲ, ತಾಯಿ ಇಲ್ಲ, ಅಣ್ಣನ ಕುರಿಗಳಿಲ್ಲ. ಮೈಮೇಲಿನ ಎಚ್ಚರ ತಪ್ಪಿ ಅಣ್ಣನ ಕೂಗನ್ನೇ ಹಾಕಿಬಿಟ್ಟ. ಗಂಗಾರಾಮ ಹೊಟ್ಟೆ ಹಿಡಿದು ನಕ್ಕ. “ಮಸ್ತ್ ಅದ! ಇನ್ನೊಮ್ಮೆ!” ಆಮೇಲೆ ದಿನಾ ಇನ್ನೊಮ್ಮೆ. ನನಗೆ ಮೈ ಉರಿಯುತ್ತಿತ್ತು. ಆದರೆ ಬಾಯಿ ಬಿಟ್ಟರೆ ಗುಟ್ಟು ಮುದುಕಿಯ ತನಕ ಹೋಗುತ್ತದೆ ಎಂದು ಯಂಕಪ್ಪ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದ.

ಎಪ್ಪತ್ತರ ಬೇಸಿಗೆ ಇರಬೇಕು. ಒಂದು ಸಂಜೆ ಮರೆಮ್ಮ ರೊಟ್ಟಿಯ ಗಂಟು ಹೊತ್ತು, ನಾಲ್ಕು ಕುರಿಗಳನ್ನು ಹೊಡೆದುಕೊಂಡು ಅದೇ ಹೊಲಕ್ಕೆ ಬಂದಳು. ಮುಖ ಹಿಗ್ಗಿತ್ತು.

“ಯಂಕ್ಯಾ, ಕೊಡಂಗಲ್‌ನಾಗ ಒಂದು ಹೆಣ್ಣು ನೋಡೀನಿ. ನಮ್ಮ ಧರ್ಮಣ್ಣಗ ಬರಾಬರ್ ಆಗ್ತಾಳ. ನಾಳೆ ಎಲಿ-ಅಡಿಕಿ ಕೊಟ್ಟು ಮಾತು ಮುಗಿಸ್ತೀನಿ. ನೀ ಮುಂಬಯಿಗಿ ಹೋಗಿ ಅಣ್ಣಗ ಕರ್ಕೊಂಡು ಬಾ.”

ಯಂಕಪ್ಪ ನೆಲ ನೋಡಿದ. “ಮನ್ಯಾಗ ಮಾತಾಡೋಣು ನಡಿಯವ್ವ.”

“ಏ, ಎಲ್ಲಿ ನಡಿ?” ಎಂದ ಗಂಗಾರಾಮ. “ಕತಿ ಆಗ್ಲಿ. ಮರೆಮ್ಮಾ, ಕೂಡು. ನಿನ್ನ ಮಗ ಮಸ್ತ್ ಹೇಳ್ತಾನ. ನೀ ಕೇಳೇ ಇಲ್ಲೇನು?”

“ಇಲ್ರಿ ಪಟೇಲ್ರಿ. ನನ್ನ ಮುಂದ ಎಂದೂ ಹೇಳಿಲ್ರಿ.”

“ಇವತ್ತು ಬ್ಯಾಡ್ರಿ” ಎಂದ ಯಂಕಪ್ಪ. “ನಿಮ್ಮ ಕಾಲು ಬೀಳ್ತೀನ್ರಿ.”

“ಬ್ಯಾಡಂದ್ರ ನಾಳಿಗಿ ಹಟ್ಟಿ ಕಿತ್ಕೊಂಡು ಹೋಗು. ನೀರು ಆ ಚಿಕ್ಕಿ ಮ್ಯಾಲ ಕುಡಿಸು ಕುರಿಗಿ!”

ಎಲ್ಲರೂ ನಕ್ಕರು. ಮುದುಕಿಯೂ ನಕ್ಕು, “ಹೇಳಪ್ಪಾ, ನಾನೂ ಕೇಳ್ತೀನಿ” ಎಂದು ಕೂತಳು.

ಯಂಕಪ್ಪ ಹೇಳಿದ. ಠಣಕರನ್ನು ಹೇಳಿದ, ಮಿಣಕರನ್ನು ಹೇಳಿದ. ಸಾವಕಾಶ, ಅಡ್ಡದಾರಿ ಹಿಡಿದು, ಕತ್ತಲಾಗಿ ಎಲ್ಲರೂ ಎದ್ದು ಹೋಗಲಿ ಎನ್ನುವ ಹಾಗೆ ಹೇಳಿದ. ಹೊತ್ತು ಮುಳುಗಲಿಲ್ಲ. ಕೊನೆಗೆ ಹೊಟ್ಟೆ ಮುಚ್ಚುವ ಜಾಗಕ್ಕೆ ಬಂದು, “ಅಷ್ಟರಾಗ ಒಬ್ಬ ಮಿಣಕ ನೋಡಿದ. ತಗಡು ಬಿಚ್ರಿ ಅಂದ. ಬಿಚ್ಚಿದ್ರು. ನುಸುಳ ಹೊರಗ ಬಂದು ಮನಿಗಿ ಹೋದ” ಎಂದ.

“ಥೂ ನಿನ್ನ!” ಗಂಗಾರಾಮ ಕಟ್ಟೆ ಗುದ್ದಿದ. “ಎಲ್ಲಿ ಬಂದ ಹೊರಗ? ಬಿಲ್ಕುಲ್ ಸುಳ್ಳು! ಅಂವ ಒಳಗೇ ಸಾಯಬೇಕು. ಮ್ಯಾಲಿನ ನೀರಿಗಿ ಬೀಳೋತನಾ ಒದರಬೇಕು. ಮರೆಮ್ಮಾ, ಇಂವ ನಿನ್ನ ಮುಂದ ನಾಚ್ತಾನ. ನಾ ಮಾಡ್ತೀನಿ, ಕೇಳು.”

“ಪಟೇಲಾ, ಬಾಯಿ ಮುಚ್ಚು!” ಎಂದು ನಾನು ಎದ್ದೆ. ಎದ್ದು ಅವನ ಎದೆಗೆ ಕೈ ಹಾಕುವುದರೊಳಗೆ ಆಗಿಹೋಯಿತು. ದಿನಾ ಕೇಳಿ ಕಲಿತಿದ್ದ ಹಲ್ಕಟ್, ಸ್ವಲ್ಪವೂ ತಪ್ಪಲಿಲ್ಲ.

ಟಕ್ ಟಕ್, ಹೀಂಽಽಯೋ.

ಮೇಯುತ್ತಿದ್ದ ನಾಲ್ಕು ಕುರಿಗಳೂ ತಲೆ ಎತ್ತಿದವು. ಎಲ್ಲಕ್ಕಿಂತ ಮುದಿಯಾದದ್ದು, ಕಿವಿ ಹರಿದದ್ದು, ಬ್ಯಾ ಎನ್ನುತ್ತ ಓಡಿ ಬಂದು ಗಂಗಾರಾಮನ ಮೊಣಕಾಲಿಗೆ ಮೂತಿ ಒತ್ತಿ ನಿಂತಿತು. ಅವನು ನಗುತ್ತಲೇ ಇದ್ದ. “ನೋಡ್ರೋ, ಕುರಿ ಬಂತು! ಕುರಿ ಸೈತ ಕತಿ ಕೇಳಾಕ ಬಂತು!”

ಮರೆಮ್ಮ ಕುರಿಯನ್ನು ನೋಡಿದಳು. ಗಂಗಾರಾಮನ ಬಾಯಿ ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಹಾಡಿಕೊಂಡು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಎಷ್ಟೊತ್ತು ಕೂಗಿದ?” ಎಂದಳು.

“ಹಡಗ ನೀರಿಗಿ ಬೀಳೋತನಾ, ಯವ್ವ. ಮುಂದ ನನಗ ಕೇಳಿಸಲಿಲ್ಲ.”

“ನೀ ಹೊರಗ ಇದ್ದಿ?”

“ಹೂಂ.”

“ನೀ ನಿನ್ನ ಕೂಗು ಹಾಕಿದಿ? ಒಳಗ ಅಂವಗ ಕೇಳಂಗ?”

“ಮುಕಾದಮ ಬಾಯಿ ಮುಚ್ಚು ಅಂದ, ಯವ್ವ.”

“ದಾರಿ ತಪ್ಪಿದ ಕುರಿ ಒದರಿದ್ರೂ ಓ ಅಂತಿದ್ದಿ ನೀ” ಎಂದಳು ಮುದುಕಿ. ಅವನೊಡನೆ ಅವಳು ಆಡಿದ ಕೊನೆಯ ಮಾತು ಅದು. ರೊಟ್ಟಿಯ ಗಂಟು ಅಲ್ಲೇ ಬಿಟ್ಟು, ಮೂರು ಕುರಿ ಹೊಡೆದುಕೊಂಡು ಹೋದಳು. ನಾಲ್ಕನೆಯದು ಗಂಗಾರಾಮನ ಕಾಲು ಬಿಟ್ಟು ಕದಲಲಿಲ್ಲ. ಕೊನೆಗೆ ನಾನೇ ಅದನ್ನು ಹೆಗಲ ಮೇಲೆ ಹೊತ್ತು ಮುಟ್ಟಿಸಿದೆ.

ಆಗಲಾದರೂ ನಾಚಿಕೆ ಬರಬೇಕಿತ್ತಲ್ಲ ಪಟೇಲನಿಗೆ? “ಅಲ್ಲೋ, ನಾ ಕತಿ ಅಂದ್ಕೊಂಡಿದ್ದೆ” ಎಂದ, ಅಷ್ಟೇ. ಎಂಟು ದಿನಕ್ಕೆ ಮೊದಲಿನಂತಾದ. ಮರೆಮ್ಮನ ಓಣಿಯಲ್ಲಿ ಹಾಯುವಾಗ ಟಕ್ ಟಕ್ ಎನ್ನುತ್ತಿದ್ದ. ಆ ಹರಕು ಕಿವಿಯ ಕುರಿ ಹಗ್ಗ ಹರಿದುಕೊಂಡು ಓಡುತ್ತಿತ್ತು. ಹುಡುಗರೂ ಕಲಿತರು. ಮರೆಮ್ಮ ಧರ್ಮಣ್ಣನ ದಿನ ಮಾಡಿದಾಗ ಅದೇ ಕುರಿಯನ್ನು ಕೊಯ್ಯಿಸಿದಳು. ಪಟೇಲನ ಮನೆಗೂ ಪಾಲು ಕಳಿಸಿದಳು. ಅವನು ಉಂಡು, ಮುದಿ ಕುರಿ, ಬೇಯಲಿಲ್ಲ ಎಂದನಂತೆ.

ಯಂಕಪ್ಪ ಚಿಕ್ಕಿಯ ಮಾತು ಬಿಟ್ಟ. ತನ್ನ ಕೂಗನ್ನೂ ಬಿಟ್ಟ. ಕೋಲು, ಕಲ್ಲು ಹಿಡಿದು ಹಿಂಡು ತಿರುಗಿಸುತ್ತಿದ್ದ. ಕೂಗಿಲ್ಲದ ಹಿಂಡು ನಿಲ್ಲುತ್ತದೆಯೇ? ವರ್ಷ ವರ್ಷ ಕರಗಿತು. ತಾಯಿ ಒಳಮನೆಯಲ್ಲಿ ಉಂಡರೆ ಅವನು ಜಗುಲಿಯ ಮೇಲೆ ಉಣ್ಣುತ್ತಿದ್ದ. ನಡುವೆ ಒಂದು ಗೋಡೆ, ಒಂದು ಮಾತಿಲ್ಲ.

ಎಪ್ಪತ್ತೆಂಟರಲ್ಲಿ ಮರೆಮ್ಮ ಹಾಸಿಗೆ ಹಿಡಿದಳು. ಕೊನೆಯ ದಿನ ಒಳಗಿನಿಂದ ಬಾಗಿಲು ಹಾಕಿಸಿಕೊಂಡಳು, ಯಂಕಪ್ಪ ಒಳಗೆ ಬರಬಾರದು ಎಂದು. ಅವನು ಹೊರಗೆ ಹೊಸ್ತಿಲ ಮುಂದೆ ಕೂತು ಕೂಗು ಹಾಕತೊಡಗಿದ. ಎಂಟು ವರ್ಷದಿಂದ ಹಾಕದ ತನ್ನ ಕೂಗು. ಬೆಳಗಿನಿಂದ ಗಂಟಲು ಬಿರಿಯುವ ತನಕ. ಹೊಲದಲ್ಲಿದ್ದ ಅವನ ಏಳೆಂಟು ಕುರಿಗಳು ಓಣಿಗೆ ಬಂದು ಅವನ ಸುತ್ತ ನಿಂತವು.

ನನ್ನ ಹೆಂಡತಿ ಶಂಕರಮ್ಮ ಮುದುಕಿಯ ತಲೆದಿಂಬಿಗೆ ಕೂತಿದ್ದಳು. “ಅಕ್ಕಾ, ಒಮ್ಮೆ ಓ ಅನ್ನು. ಒಂದೇ ಒಮ್ಮೆ” ಎಂದು ಬೇಡಿಕೊಂಡಳಂತೆ. ಮರೆಮ್ಮನಿಗೆ ಎಚ್ಚರವಿತ್ತು, ಕಿವಿ ಚುರುಕಾಗಿತ್ತು, ಕಣ್ಣು ಬಾಗಿಲ ಮೇಲೇ ಇತ್ತು. ಹೊರಗೆ ಕೂಗು ಏಳುವಾಗಲೆಲ್ಲ ಅವಳ ತುಟಿ ಬಿಗಿಯುತ್ತಿತ್ತಂತೆ.

ಹೊತ್ತು ಇಳಿಯುವಾಗ ಪ್ರಾಣ ಹೋಯಿತು. ಓ ಅನ್ನಲಿಲ್ಲ.